ಬೈಪಾಸ್ ಆಪರೇಷನ್: ಆಸ್ಪತ್ರೆಯ ಆ ಒಂದು ವಾರ



ಹತ್ತು ಹದಿನೈದು ವರ್ಷಗಳ ಹಿಂದೆ ನಮ್ಮ ಕೂಟದ ಹಬ್ಬದೂಟದ ಸಾಲಿನಲ್ಲಿ ವೀಸಾ, ಗ್ರೀನ್ ಕಾರ್ಡ್, ಮನೆ ಸಾಲ ಇವೇ ಮಾತು. ಈಗ ಅದೇ ಸಾಲಿನಲ್ಲಿ ಸ್ಟೆಂಟು, ಆಂಜಿಯೋಗ್ರಾಮ್, ಬೈಪಾಸ್ ಅನ್ನುವ ಪದಗಳೂ ಕಿವಿಗೆ ಬೀಳುತ್ತಿವೆ. ನಮಗೂ ವಯಸ್ಸಾಯಿತು, ನಮ್ಮ ಅಪ್ಪ ಅಮ್ಮಂದಿರಿಗೂ ವಯಸ್ಸಾಯಿತು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಮೂಲದಲ್ಲೇ ಇದೆ. ಅಮೆರಿಕದ ಹೃದ್ರೋಗ ಸಂಘಗಳು 2018ರಲ್ಲಿ ಹೊರತಂದ ಕೊಲೆಸ್ಟರಾಲ್ ಮಾರ್ಗಸೂಚಿಯಲ್ಲಿ, ದಕ್ಷಿಣ ಏಷ್ಯಾದ ಮೂಲದವರಾಗಿರುವುದನ್ನೇ ಹೃದ್ರೋಗದ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲಿ ಸೇರಿಸಿವೆ.

ಮೊದಲೇ ಹೇಳಿಬಿಡುತ್ತೇನೆ: ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಇಂಜಿನಿಯರು. ನಮ್ಮ ಜೊತೆ ಇಲ್ಲೇ ಇರುವ ನನ್ನ ಮಾವನವರಿಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಬೈಪಾಸ್ ಆದಾಗ, ನಾನೂ ನನ್ನ ಹೆಂಡತಿಯೂ ಸರದಿಯಂತೆ ಏಳು ದಿನ ಆಸ್ಪತ್ರೆಯಲ್ಲಿದ್ದೆವು. ಅಲ್ಲಿ ನನಗೆ ಮನವರಿಕೆಯಾದದ್ದು ಇಷ್ಟು: ಆ ವಾರದಲ್ಲಿ ಮನೆಯವರ ಎದೆ ನಡುಗಿಸುವ ಹೆಚ್ಚಿನ ಸಂಗತಿಗಳು ಡಾಕ್ಟರು, ನರ್ಸುಗಳಿಗೆ ಮಾಮೂಲು. ಅವನ್ನು ಮುಂಚಿತವಾಗಿ, ರೋಗಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿಟ್ಟಿದ್ದರೆ ಅರ್ಧ ಭಯ ಹೋಗುತ್ತದೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಆಗಬಾರದು ಅಂತ ಈ ಪಾಠ.

ಏನಿದು ಬೈಪಾಸ್?

ಹೃದಯದ ಸ್ನಾಯುವಿಗೇ ರಕ್ತ ಕೊಡುವ ಕೊರೊನರಿ ರಕ್ತನಾಳಗಳು ಕೊಬ್ಬು ಕಟ್ಟಿಕೊಂಡು ಕಿರಿದಾಗುತ್ತವೆ. ಊರೊಳಗಿನ ರಸ್ತೆ ಕಟ್ಟಿಕೊಂಡಾಗ ಊರ ಹೊರಗೆ ಬೈಪಾಸ್ ರಸ್ತೆ ಹಾಕುವುದಿಲ್ಲವೇ, ಅದೇ ಲೆಕ್ಕ. ಅಡಚಣೆಯನ್ನು ಕಿತ್ತು ತೆಗೆಯುವುದಿಲ್ಲ. ಎದೆಯ ಒಳಗೋಡೆಯ ಒಂದು ಅಪಧಮನಿಯನ್ನೋ, ಕಾಲಿನಿಂದ ತೆಗೆದ ಅಭಿಧಮನಿಯನ್ನೋ, ಕೆಲವೊಮ್ಮೆ ಮುಂಗೈಯ ರಕ್ತನಾಳವನ್ನೋ ಅಡಚಣೆಯ ಆಚೆಗೆ ಜೋಡಿಸಿ ಹೊಸ ದಾರಿ ಮಾಡುತ್ತಾರೆ. ಆದ್ದರಿಂದಲೇ ಎದೆಯ ಆಪರೇಷನ್ನಿಗೆ ಹೋದವರ ಕಾಲಿನಲ್ಲೂ ಹೊಲಿಗೆ ಇರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ.

ಇದು ಹೊಸ ವಿದ್ಯೆಯೇನಲ್ಲ. ಆಪರೇಷನ್ ನಡೆಯುವಾಗ ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ತಾನೇ ಮಾಡುವ ಯಂತ್ರವನ್ನು ಜಾನ್ ಗಿಬ್ಬನ್ 1953ರಲ್ಲಿ ಫಿಲಡೆಲ್ಫಿಯಾದಲ್ಲಿ ಯಶಸ್ವಿಯಾಗಿ ಬಳಸಿದರು. ಕಾಲಿನ ಅಭಿಧಮನಿ ಬಳಸುವ ಬೈಪಾಸನ್ನು ರೆನೆ ಫಾವಲೋರೊ 1967ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಮಾಡಿ, ಆ ಪದ್ಧತಿಯನ್ನು ಬಳಕೆಗೆ ತಂದರು. ಸಾಮಾನ್ಯವಾಗಿ ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ. ಆ ಮೂಳೆ ಕೂಡಿಕೊಳ್ಳಲು ವಾರಗಟ್ಟಲೆ ಬೇಕು. ಮುಂದೆ ಬರುವ ಅರ್ಧದಷ್ಟು ನಿಯಮಗಳು ಈ ಮೂಳೆಗೋಸ್ಕರವೇ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಹೋಗುವ ಮುನ್ನ

ಔಷಧಿಗಳ ಪೂರ್ತಿ ಪಟ್ಟಿ ಮಾಡಿ. ಊರಿನಿಂದ ತಂದ ಆಯುರ್ವೇದದ ಲೇಹ್ಯ, ಕಷಾಯದ ಪುಡಿ, ಹೋಮಿಯೋಪತಿ ಗುಳಿಗೆ, ಅಂಗಡಿಯ ವಿಟಮಿನ್, ಮೀನೆಣ್ಣೆ ಎಲ್ಲವೂ ಅದರಲ್ಲಿರಲಿ. "ಅದು ಔಷಧಿಯಲ್ಲ, ಮನೆಮದ್ದು" ಅಂತ ಹಿರಿಯರು ಬಿಟ್ಟುಬಿಡುತ್ತಾರೆ. ಆದರೆ ಕೆಲವು ಮನೆಮದ್ದುಗಳೂ ರಕ್ತ ಹೆಪ್ಪುಗಟ್ಟುವುದರ ಮೇಲೆ ಪರಿಣಾಮ ಬೀರಬಲ್ಲವು. ಕ್ಲೊಪಿಡೊಗ್ರೆಲ್‌ನಂಥ ಮಾತ್ರೆಯನ್ನು ಸಾಮಾನ್ಯವಾಗಿ ಸುಮಾರು 5 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಎಂಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಕನಿಷ್ಠ 3 ದಿನ ಮೊದಲು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಅನ್ನುವುದು ಸರ್ಜನ್ನರ ತೀರ್ಮಾನ. ನೀವಾಗಿ ಏನನ್ನೂ ನಿಲ್ಲಿಸಬೇಡಿ.

ಬಳೆ, ಉಂಗುರ, ಮೂಗುತಿ, ಮಾಂಗಲ್ಯ ಎಲ್ಲವನ್ನೂ ತೆಗೆಯಬೇಕಾಗುತ್ತದೆ. ರಕ್ತಸ್ರಾವ ತಡೆಯಲು ವಿದ್ಯುತ್ ಉಪಕರಣ ಬಳಸುತ್ತಾರೆ, ಜೊತೆಗೆ ಆಮೇಲೆ ಮೈ ಊದಿಕೊಳ್ಳುತ್ತದೆ. ಐವತ್ತು ವರ್ಷ ಕತ್ತಿನಿಂದ ತೆಗೆಯದ ಮಾಂಗಲ್ಯವನ್ನು ಆಪರೇಷನ್ ಕೋಣೆಯ ಬಾಗಿಲಲ್ಲಿ ತೆಗೆಯಿರಿ ಅಂದರೆ ಅತ್ತೆಯವರಿಗೆ ಹೇಗನ್ನಿಸಬೇಕು ಹೇಳಿ? ಹಿಂದಿನ ದಿನವೇ ಮನೆಯಲ್ಲಿ, ದೇವರ ಮುಂದೆ, ನಿಧಾನವಾಗಿ ತೆಗೆಸಿಡಿ. ಜನಿವಾರ, ಉಡಿದಾರದ ವಿಷಯವನ್ನೂ ನರ್ಸಿಗೆ ಮೊದಲೇ ತಿಳಿಸಿ.

ರೋಗಿ ಮಾತಾಡಲಾಗದಿದ್ದಾಗ ಅವರ ಪರವಾಗಿ ನಿರ್ಧಾರ ಮಾಡುವವರು ಯಾರು ಅಂತ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದು ಎಲ್ಲರಿಗೂ ಇರುವ ಪದ್ಧತಿ, ಅಪಶಕುನ ಅಂದುಕೊಳ್ಳಬೇಡಿ. ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರ ಇನ್ಶೂರೆನ್ಸ್ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ, ಇಲ್ಲವೇ ಮಿತಿ ಹಾಕಿರುತ್ತದೆ. ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದುವುದು ವಿಮಾನದ ಟಿಕೆಟ್ ಕೊಳ್ಳುವ ಮೊದಲಿನ ಕೆಲಸ.

ಕನ್ನಡದ ದುಭಾಷಿ ನಿಮ್ಮ ಹಕ್ಕು

ಇದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಮತ್ತು 2010ರ ಅಫರ್ಡಬಲ್ ಕೇರ್ ಕಾಯ್ದೆಯ ಪ್ರಕಾರ, ಫೆಡರಲ್ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಸರಿಯಾಗಿ ಬಾರದ ರೋಗಿಗೆ ಉಚಿತವಾಗಿ ದುಭಾಷಿಯನ್ನು ಒದಗಿಸಬೇಕು. ಕನ್ನಡಕ್ಕಾದರೆ ಹೆಚ್ಚಾಗಿ ಫೋನಿನಲ್ಲೋ ವಿಡಿಯೋದಲ್ಲೋ ಸಿಗುತ್ತಾರೆ. ಎರಡು ಮೂರು ದಿನ ಮೊದಲೇ ಕೇಳಿಡಿ.

"ನಾನೇ ಇದ್ದೀನಲ್ಲ, ಇದೆಲ್ಲ ಯಾಕೆ?" ಅನ್ನಬೇಡಿ. ಮಕ್ಕಳು ಅನುವಾದ ಮಾಡುವಾಗ ಕಹಿ ಮಾತನ್ನು ನುಂಗಿಬಿಡುತ್ತಾರೆ. ಡಾಕ್ಟರು ಪಾರ್ಶ್ವವಾಯುವಿನ ಸಾಧ್ಯತೆ ಹೇಳಿದರೆ ಮಗಳ ಬಾಯಲ್ಲಿ ಅದು "ಏನೂ ಆಗಲ್ಲ ಅಪ್ಪ" ಆಗುತ್ತದೆ. ಅಪ್ಪನೂ ಅಷ್ಟೇ, ಮಗಳ ಮುಂದೆ ಮೂತ್ರದ ತೊಂದರೆ ಹೇಳುವುದಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ಎಲ್ಲವನ್ನೂ ಕೇಳಿ, ತಿಳಿದು ಹಾಕಬೇಕು.

ಆಪರೇಷನ್ ದಿನ

ಹಿಂದಿನ ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಏನೂ ತಿನ್ನಬಾರದು ಅನ್ನುತ್ತಾರೆ. ಹಾಲು ಹಾಕಿದ ಕಾಫಿಯೂ ಅದರಲ್ಲಿ ಸೇರಿತು! ವಿಶೇಷ ಸೋಪಿನಲ್ಲಿ ಸ್ನಾನ ಮಾಡಿಸುತ್ತಾರೆ, ಎದೆಯ ಮತ್ತು ಕಾಲಿನ ಕೂದಲು ತೆಗೆಯುತ್ತಾರೆ. ಆಪರೇಷನ್ ಸಾಮಾನ್ಯವಾಗಿ 3ರಿಂದ 6 ಗಂಟೆ. ತಡವಾದರೆ ಕೆಟ್ಟದ್ದಾಯಿತು ಅಂತಲೇ ಅರ್ಥವಲ್ಲ. ಶುರುವಾಗುವುದೇ ತಡವಾಗಿರಬಹುದು.

ಆಸ್ಪತ್ರೆಯ ಫೋನ್ ಎತ್ತುವವರು ಒಬ್ಬರೇ ಇರಲಿ. ಊರಿಗೆ ಸುದ್ದಿ ಮುಟ್ಟಿಸಲು ಇನ್ನೊಬ್ಬರು. ನಾವು ವಾಟ್ಸಾಪಿನಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಸಂದೇಶ ಅಂತ ಗೊತ್ತುಮಾಡಿಕೊಂಡಿದ್ದೆವು. ಮೈಸೂರಿನ ದೊಡ್ಡಮ್ಮನಿಂದ ಹಿಡಿದು ಶಿವಮೊಗ್ಗದ ಭಾವನವರೆಗೆ ಎಲ್ಲರೂ ಅದಕ್ಕೇ ಕಾಯುತ್ತಿದ್ದರು, ನಮಗೂ ಉಸಿರಾಡಲು ಸಮಯ ಸಿಕ್ಕಿತು.

ಐ.ಸಿ.ಯು.ನಲ್ಲಿ ಮೊದಲ ನೋಟ

ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮುಖ ಊದಿರುತ್ತದೆ, ಬಿಳಚಿಕೊಂಡಿರುತ್ತದೆ, ಕೈ ತಣ್ಣಗಿರುತ್ತದೆ. ಬಾಯಲ್ಲಿ ಉಸಿರಾಟದ ಕೊಳವೆ, ಕತ್ತಿನಲ್ಲಿ ಸೂಜಿ, ಎದೆಯಿಂದ ಕೆಂಪು ನೀರು ಇಳಿಯುವ ಟ್ಯೂಬುಗಳು, ಮೂತ್ರದ ನಳಿಕೆ, ಬಡಿತ ತಪ್ಪಿದರೆ ಇರಲಿ ಅಂತ ಪೇಸ್‌ಮೇಕರಿನ ಸಣ್ಣ ತಂತಿಗಳು. ನಿದ್ದೆಗಣ್ಣಲ್ಲಿ ಕೊಳವೆ ಎಳೆದುಕೊಳ್ಳದಂತೆ ಕೈಗಳನ್ನು ಮೆತ್ತಗೆ ಕಟ್ಟಿರಲೂಬಹುದು. ಇವೆಲ್ಲ ಮಾಮೂಲು. ಮಕ್ಕಳನ್ನು ಮೊದಲ ದಿನ ಕರೆದುಕೊಂಡು ಹೋಗದಿರುವುದೇ ಮೇಲು.

ಎಚ್ಚರವಾದಾಗ ಅವರಿಗೆ ಮಾತು ಬರುವುದಿಲ್ಲ, ಯಾಕೆಂದರೆ ಕೊಳವೆ ಧ್ವನಿತಂತುಗಳ ನಡುವೆಯೇ ಹಾದುಹೋಗಿರುತ್ತದೆ. ಎಲ್ಲ ಸರಿಯಿದ್ದರೆ ಕೆಲವೇ ಗಂಟೆಗಳಲ್ಲಿ ತೆಗೆಯುತ್ತಾರೆ. "ಎದ್ದಾಗ ಬಾಯಲ್ಲಿ ಕೊಳವೆ ಇರುತ್ತೆ, ಮಾತು ಹೊರಡಲ್ಲ, ಹೆದರಬೇಡಿ, ತಲೆ ಆಡಿಸಿ ಸಾಕು" ಅಂತ ಮೊದಲೇ ಹೇಳಿರಬೇಕು. ನನ್ನ ಹೆಂಡತಿ ಒಂದು ರಟ್ಟಿನ ಮೇಲೆ ನೋವು, ಬಾಯಾರಿಕೆ, ಚಳಿ, ಸೆಕೆ, ಉಸಿರು ಕಟ್ಟುತ್ತಿದೆ, ಮಗಳನ್ನು ಕರೆಯಿರಿ ಅಂತ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು, ಪ್ರತಿಯೊಂದರ ಕೆಳಗೆ ನರ್ಸಿಗಾಗಿ ಇಂಗ್ಲಿಷಿನಲ್ಲೂ ಬರೆದಿದ್ದಳು. ಮಾವನವರು ಬೆರಳಿಟ್ಟು ತೋರಿಸಿದ ಮೊದಲ ಪದ "ಬಾಯಾರಿಕೆ". ಆ ಒಂದು ರಟ್ಟು ನಾವು ಕೊಂಡೊಯ್ದ ಎಲ್ಲ ಸಾಮಾನಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಮುಂದಿನ ನಾಲ್ಕೈದು ದಿನ

ಮರುದಿನವೇ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುತ್ತಾರೆ. "ಇಷ್ಟು ದೊಡ್ಡ ಆಪರೇಷನ್ ಆಗಿದೆ, ಪಾಪ, ಮಲಗಲಿ ಬಿಡಿ" ಅನ್ನುವುದು ನಮ್ಮ ಪ್ರೀತಿ. ಆದರೆ ಮಲಗಿದ್ದಷ್ಟೂ ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಉಸಿರೆಳೆದು ಗುಂಡು ಮೇಲೇರಿಸುವ ಒಂದು ಪ್ಲಾಸ್ಟಿಕ್ ಸಾಧನ ಕೊಡುತ್ತಾರೆ, ಎಚ್ಚರವಿರುವಾಗ ಗಂಟೆಗೆ ಹತ್ತು ಸಲ ಎಳೆಯಬೇಕು. ಕೆಮ್ಮುವಾಗ ಎದೆಗೆ ದಿಂಬು ಒತ್ತಿ ಹಿಡಿಯಬೇಕು.

ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂತ ನರ್ಸು ಕೇಳುತ್ತಾರೆ. ನಮ್ಮ ಹಿರಿಯರ ಉತ್ತರ ಒಂದೇ: "ಪರವಾಗಿಲ್ಲ". ಅದು ಸಹನೆಯೇ ಇರಬಹುದು, ಆದರೆ ಇಲ್ಲಿ ಅಪಾಯ. ನೋವಿದ್ದರೆ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ, ಅದರಿಂದ ನ್ಯುಮೋನಿಯಾ ಬರಬಹುದು. "ಕೆಮ್ಮಲು ಆಗುತ್ತಾ? ಎದ್ದು ನಡೆಯಲು ಆಗುತ್ತಾ?" ಅಂತ ಕೇಳಿ ನೋಡಿ, ನಿಜವಾದ ಉತ್ತರ ಸಿಗುತ್ತದೆ.

ಎರಡನೆಯ ಮೂರನೆಯ ದಿನ ಹೃದಯದ ಬಡಿತ ಏರುಪೇರಾಗಿ ಮಾನಿಟರ್ ಕೂಗಿಕೊಳ್ಳಬಹುದು. ಏಟ್ರಿಯಲ್ ಫಿಬ್ರಿಲೇಷನ್ ಅನ್ನುವ ಈ ತೊಂದರೆ ಬೈಪಾಸ್ ಆದವರಲ್ಲಿ ಸುಮಾರು ನಾಲ್ವರಲ್ಲೊಬ್ಬರಿಗೆ ಬರುತ್ತದೆ. ಹೆಚ್ಚಾಗಿ ಔಷಧಿಗೆ ಬಗ್ಗುತ್ತದೆ. ಸಕ್ಕರೆ ಕಾಯಿಲೆ ಇಲ್ಲದವರಿಗೂ ಇನ್ಸುಲಿನ್ ಕೊಡಬಹುದು, ದೇಹದ ಮೇಲೆ ಬಿದ್ದ ಒತ್ತಡಕ್ಕೆ ರಕ್ತದ ಸಕ್ಕರೆ ಏರುತ್ತದೆ. ಬಾಯಿ ರುಚಿ ಕೆಡುತ್ತದೆ, ಮಲಬದ್ಧತೆ ಆಗುತ್ತದೆ. ಸಸ್ಯಾಹಾರ ಅಂದರೆ ಮೊಟ್ಟೆ, ಕೋಳಿಯ ಸೂಪು ಎರಡೂ ಬೇಡ ಅಂತ ಬಿಡಿಸಿ ಹೇಳಿ. ಮನೆಯಿಂದ ಊಟ ತರುವುದಾದರೆ ನರ್ಸನ್ನು ಕೇಳಿ, ಉಪ್ಪು ಕಡಿಮೆ ಹಾಕಿ ತನ್ನಿ.

ಎಲ್ಲಕ್ಕಿಂತ ಹೆಚ್ಚು ಕಂಗೆಡಿಸುವುದು ಮನಸ್ಸಿನ ಗೊಂದಲ. ವಯಸ್ಸಾದವರಲ್ಲಿ ಅರಿವಳಿಕೆ, ನಿದ್ದೆಗೇಡು, ಔಷಧಿಗಳೆಲ್ಲ ಸೇರಿ ಕೆಲದಿನ ಡೆಲಿರಿಯಮ್ ಬರುವುದುಂಟು. ಮೂರನೆಯ ರಾತ್ರಿ ಮಾವನವರು ಇಂಗ್ಲಿಷನ್ನು ಪೂರ್ತಿ ಮರೆತು, "ಹಸುವಿಗೆ ಹುಲ್ಲು ಹಾಕಿದ್ರಾ? ಕತ್ತಲಾಯ್ತು" ಅಂತ ಒಂದೇ ಸಮನೆ ಕೇಳುತ್ತಿದ್ದರು. ನರ್ಸು ಅದನ್ನು ನೋವಿನ ಕೂಗು ಅಂದುಕೊಂಡಿದ್ದರು. ನಾನು ಅರ್ಥ ಹೇಳಿ, "ಇವರು ಯಾವಾಗಲೂ ಹೀಗಲ್ಲ, ನಿನ್ನೆಯವರೆಗೆ ಪತ್ರಿಕೆ ಓದುತ್ತಿದ್ದರು" ಅಂದ ಮೇಲೆ ಡಾಕ್ಟರು ಬಂದು ಪರೀಕ್ಷಿಸಿ, ಔಷಧಿಗಳನ್ನು ಬದಲಿಸಿದರು. ರೋಗಿಯ ಮಾಮೂಲಿ ಸ್ವಭಾವ ಗೊತ್ತಿರುವುದು ಮನೆಯವರಿಗೆ ಮಾತ್ರ. ಆ ಮಾಹಿತಿ ಯಾವ ಯಂತ್ರದಲ್ಲೂ ಇಲ್ಲ. ಕನ್ನಡಕ, ಶ್ರವಣಯಂತ್ರ ಹಾಕಿಸಿ, ಹಗಲಲ್ಲಿ ಕಿಟಕಿಯ ಪರದೆ ಸರಿಸಿ, ಹತ್ತಿರ ಕೂತು ಕನ್ನಡದಲ್ಲಿ ಮಾತಾಡಿಸಿ. ಎರಡು ದಿನದಲ್ಲಿ ಮಾವನವರು ಸರಿಹೋದರು.

ಮನೆಗೆ ಹೊರಡುವಾಗ

ತೊಡಕುಗಳಿಲ್ಲದಿದ್ದರೆ ಐದರಿಂದ ಏಳನೆಯ ದಿನಕ್ಕೆ ಬಿಡುಗಡೆ. ಮೂಳೆ ಕೂಡುವವರೆಗೆ, ಅಂದರೆ ಸರ್ಜನ್ ಹೇಳಿದಂತೆ 6ರಿಂದ 12 ವಾರ, ಭಾರ ಎತ್ತುವಂತಿಲ್ಲ. ಒಂದು ಗ್ಯಾಲನ್ ಹಾಲಿನ ಕ್ಯಾನ್ ಸುಮಾರು ನಾಲ್ಕು ಕಿಲೋ, ಅಲ್ಲಿಗೆ ಮಿತಿ ಅಂದುಕೊಳ್ಳಿ. ಮೊಮ್ಮಗುವನ್ನು ಎತ್ತಿಕೊಳ್ಳುವಂತಿಲ್ಲ, ತೊಡೆಯ ಮೇಲೆ ಬೇರೆಯವರು ಕೂರಿಸಲಿ. ಕೈ ಊರಿ ಏಳುವುದು ನಮ್ಮವರ ರೂಢಿ. ಆದ್ದರಿಂದ ನೆಲದ ಮೇಲೆ ಕೂತು ಊಟ, ಪೂಜೆ ಸದ್ಯಕ್ಕೆ ಬೇಡ. ಕಾರಿನಲ್ಲಿ ಹಿಂದಿನ ಸೀಟು.

ವಾರ್ಫರಿನ್ ಮಾತ್ರೆ ಕೊಟ್ಟಿದ್ದರೆ ಸೊಪ್ಪಿನ ಸಾರು, ಪಲ್ಯ ಪೂರ್ತಿ ಬಿಡಬೇಕಿಲ್ಲ. ಒಂದು ದಿನ ರಾಶಿ, ಮರುದಿನ ಏನೂ ಇಲ್ಲ ಅನ್ನುವಂತಾಗದೆ ದಿನವೂ ಒಂದೇ ಅಳತೆಯಲ್ಲಿರಲಿ. ಒಂದು ಟೀ ಚಮಚ ಉಪ್ಪಿನಲ್ಲೇ ಸುಮಾರು 2300 ಮಿಲಿಗ್ರಾಂ ಸೋಡಿಯಂ ಇದೆ, ಉಪ್ಪಿನಕಾಯಿ ಹಪ್ಪಳ ಸಂಡಿಗೆಗಳ ಲೆಕ್ಕ ನೀವೇ ಹಾಕಿ.

ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಗಾಯ ಕೆಂಪಾಗಿ ಕೀವು ಬಂದರೆ, ಎದೆಮೂಳೆ ಕಟಕಟ ಅಂದರೆ, ಒಂದು ಕಾಲು ಊದಿ ನೋಯುತ್ತಿದ್ದರೆ, ತೂಕ ದಿನಕ್ಕೆ 2-3 ಪೌಂಡ್ ಅಥವಾ ವಾರಕ್ಕೆ 5 ಪೌಂಡ್ ಏರಿದರೆ ಕೂಡಲೇ ಸರ್ಜನ್ನರಿಗೆ ಫೋನ್ ಮಾಡಿ. ಎದೆ ಹಿಂಡಿದಂತಾದರೆ, ಉಸಿರು ಸಿಗದಿದ್ದರೆ, ಪ್ರಜ್ಞೆ ತಪ್ಪಿದರೆ, ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ ಬೇರೆ ಯೋಚನೆಯೇ ಬೇಡ, 911.

ಕಣ್ಣೀರು, ಬೇಸರ, ರಾತ್ರಿ ನಿದ್ದೆ ಬಾರದಿರುವುದು ಕೆಲವು ವಾರ ಇರುತ್ತದೆ. ಜಾಸ್ತಿಯಾದರೆ ಡಾಕ್ಟರಿಗೆ ಹೇಳಿ, ಮುಚ್ಚಿಡುವಂಥದ್ದೇನಲ್ಲ. ಕಾರ್ಡಿಯಾಕ್ ರಿಹ್ಯಾಬ್ ಅನ್ನುವ ವ್ಯಾಯಾಮದ ತರಬೇತಿಗೆ ತಪ್ಪದೆ ಕಳುಹಿಸಿ. ಮೆಡಿಕೇರ್ 36 ತರಗತಿಗಳವರೆಗೆ ಇದರ ಖರ್ಚಿನ ಹೆಚ್ಚಿನ ಭಾಗ ಕೊಡುತ್ತದೆ. ಬೈಪಾಸಿನಿಂದ ಹೊಸ ದಾರಿ ಸಿಕ್ಕಿತು, ಕಾಯಿಲೆ ಹೋಗಲಿಲ್ಲ. ಮಾತ್ರೆ, ನಡಿಗೆ, ಪಥ್ಯ ನಿಂತರೆ ಹೊಸ ದಾರಿಯೂ ಕಟ್ಟಿಕೊಳ್ಳುತ್ತದೆ.

ಈ ವಾರಾಂತ್ಯ ಊರಿಗೆ ಫೋನ್ ಮಾಡಿದಾಗ, ಅಥವಾ ಪಕ್ಕದ ಕೋಣೆಯಲ್ಲೇ ಇರುವ ಅಪ್ಪ ಅಮ್ಮನ ಜೊತೆ ಕಾಫಿ ಕುಡಿಯುವಾಗ, ಅವರ ಮಾತ್ರೆಗಳ ಪಟ್ಟಿಯೊಂದನ್ನು ಬರೆದುಕೊಳ್ಳಿ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ, ಎದೆ ಬಿಗಿಯುತ್ತದೆಯೇ ಅಂತ ಕೇಳಿ. "ಪರವಾಗಿಲ್ಲ" ಅಂದರೆ ಇನ್ನೊಂದು ಸಲ ಕೇಳಿ.

ಎಲ್ಲರಿಗೂ ಆರೋಗ್ಯಭಾಗ್ಯ ಸಿಗಲಿ.