ಮರುದಿನದ ತೋಳುನೋವು

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಕಾಲೇಜಿನ ಪ್ರಯೋಗಶಾಲೆಯ ಅಟ್ಟವನ್ನು ಬರಿದುಮಾಡುವ ಕೆಲಸ ನಮ್ಮ ಪಾಲಿಗೆ ಬಂದಿತು. ಹಳೆಯ ಉಪಕರಣಗಳ ಪೆಟ್ಟಿಗೆಗಳನ್ನು ಏಣಿಯ ಮೇಲೆ ನಿಂತು ಒಂದೊಂದಾಗಿ ಬೆಂಚಿನ ಮೇಲಕ್ಕೆ ಇಳಿಸಿದವರು ನಾವು. ಅವನ್ನೇ ಬೆಂಚಿನಿಂದೆತ್ತಿ ಎದೆಯೆತ್ತರದ ಬೀರುವಿನಲ್ಲಿ ಜೋಡಿಸಿದವರು ನಮ್ಮ ಸಹೋದ್ಯೋಗಿಯೊಬ್ಬರು. ಅಂದು ಏದುಸಿರು ಬಿಟ್ಟವರು ಅವರು. ಆದರೆ ಮರುದಿನ ಬೆಳಗ್ಗೆ ತಲೆ ಬಾಚಿಕೊಳ್ಳಲಾರದೆ ಒದ್ದಾಡಿದವರು ನಾವು! ಇದು ಹೇಗೆ?

ಮೇಲ್ದೋಳಿನ ಮುಂಭಾಗದಲ್ಲಿ ಉಬ್ಬಿ ಕಾಣುವ ಮಾಂಸಖಂಡಕ್ಕೆ ದ್ವಿಶಿರ ಸ್ನಾಯುವೆಂದು ಹೆಸರು. ಅದರ ಕೆಳತುದಿಯು ಮೊಣಕೈ ಕೀಲಿನಿಂದ ಸುಮಾರು 4 ಸೆಂಟಿಮೀಟರು ಮುಂದೆ ಎಲುಬಿಗೆ ಅಂಟಿಕೊಂಡಿದೆ. ಅಂಗೈಯಲ್ಲಿನ ಭಾರವಾದರೋ ಅದೇ ಕೀಲಿನಿಂದ ಸುಮಾರು 35 ಸೆಂಟಿಮೀಟರು ದೂರದಲ್ಲಿರುತ್ತದೆ. 10 ಕಿಲೋಗ್ರಾಂ ಪೆಟ್ಟಿಗೆಯನ್ನು ಎರಡು ಕೈಗಳಲ್ಲಿ, ಮುಂದೋಳುಗಳು ನೆಲಕ್ಕೆ ಸಮಾಂತರವಾಗಿರುವಂತೆ ಹಿಡಿದೆವೆನ್ನೋಣ. ಒಂದೊಂದು ಕೈಗೆ 5 ಕಿಲೋಗ್ರಾಂ. ಸನ್ನೆಯ ನಿಯಮದಂತೆ 5ನ್ನು 35ರಿಂದ ಗುಣಿಸಿ 4ರಿಂದ ಭಾಗಿಸಿದರೆ ಸುಮಾರು 44 ಕಿಲೋಗ್ರಾಂ! ಇಷ್ಟು ತೂಕಕ್ಕೆ ಸಮನಾದ ಬಲದಿಂದ ದ್ವಿಶಿರವೂ ಅದರ ಸಂಗಾತಿ ಸ್ನಾಯುಗಳೂ ಕೂಡಿ ಎಳೆಯಬೇಕು. ಬಲದಲ್ಲಿ ನಷ್ಟವಾದರೂ ಕೈಯ ವೇಗದಲ್ಲಿ ಲಾಭವಿದೆಯೆಂಬುದೇ ಸಮಾಧಾನ.

ಭಾರವನ್ನು ಎತ್ತುವಾಗ ಸ್ನಾಯುವು ಕುಗ್ಗುತ್ತ ಎಳೆಯುತ್ತದೆ. ಮೆಲ್ಲನೆ ಇಳಿಸುವಾಗ ಎಳೆಯುತ್ತಿರುವಂತೆಯೇ ಉದ್ದವಾಗುತ್ತದೆ. 1952ರಲ್ಲಿ ಇಂಗ್ಲೆಂಡಿನ ಅಬಟ್, ಬಿಗ್‌ಲ್ಯಾಂಡ್ ಮತ್ತು ರಿಚೀ ಎಂಬ ವಿಜ್ಞಾನಿಗಳು ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನಾಗಿ ನಿಲ್ಲಿಸಿ ಒಂದೇ ಸರಪಳಿಯಿಂದ ಜೋಡಿಸಿದರು. ಒಬ್ಬರು ತುಳಿಯಬೇಕು, ಇನ್ನೊಬ್ಬರು ಹಿಮ್ಮುಖವಾಗಿ ತಿರುಗುವ ತುಳಿಗೆಗಳನ್ನು ತಡೆಯಬೇಕು. ಬಲವೂ ವೇಗವೂ ಇಬ್ಬರಿಗೂ ಸಮಾನ. ಆದರೂ ತಡೆದವರು ಬಳಸಿದ ಆಮ್ಲಜನಕ ಬಹಳ ಕಡಿಮೆ. ಉದ್ದವಾಗುತ್ತಿರುವಾಗ ಸ್ನಾಯುವಿನ ಪ್ರತಿಯೊಂದು ಎಳೆಯೂ ಹೆಚ್ಚು ಬಲವನ್ನು ಕೊಡಬಲ್ಲುದು. ಆದಕಾರಣ ಅದೇ ಭಾರಕ್ಕೆ ಕೆಲವೇ ಎಳೆಗಳು ಸಾಕು. ಮಿತವ್ಯಯವೇನೋ ಸರಿ, ಆದರೆ ಆ ಕೆಲವು ಎಳೆಗಳ ಮೇಲೆ ಬೀಳುವ ಸೆಳೆತವು ಅತಿಯಾಗಿ, ಅವುಗಳೊಳಗಿನ ಸೂಕ್ಷ್ಮರಚನೆ ಅಲ್ಲಲ್ಲಿ ಹರಿಯುತ್ತದೆ. ದುರಸ್ತಿಯ ಕಾರ್ಯದೊಂದಿಗೆ ಉರಿಯೂತವೂ ತಲೆದೋರಿ ನರತುದಿಗಳು ಸೂಕ್ಷ್ಮವಾಗುತ್ತವೆ. ನೋವು ತಡವಾಗಿ ಬರುವುದು ಇದರಿಂದಲೇ.

ಲ್ಯಾಕ್ಟಿಕ್ ಆಮ್ಲವು ಶೇಖರವಾಗಿ ನೋವುಂಟಾಗುವುದೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಇದು ಸರಿಯಲ್ಲ. ದುಡಿಮೆ ನಿಂತ ಒಂದೆರಡು ಗಂಟೆಗಳೊಳಗೆ ಆ ಆಮ್ಲ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ನೋವು ಶಿಖರಕ್ಕೇರುವುದಾದರೋ 1ರಿಂದ 3 ದಿನಗಳ ಬಳಿಕ. ನೋವಿಗೆ ಸ್ನಾಯುವಿನೊಳಗಿನ ಹರಿತವೇ ಕಾರಣವಿರಬೇಕೆಂದು ಅಮೆರಿಕದ ಥಿಯೊಡೋರ್ ಹಫ್ 1902ರಲ್ಲಿಯೇ ಸೂಚಿಸಿದ್ದರು.

ಇಂತಹ ನೋವು ಸಾಮಾನ್ಯವಾಗಿ ಒಂದು ವಾರದಲ್ಲಿ ತಾನಾಗಿಯೇ ಶಮನವಾಗುತ್ತದೆ. ತೋಳನ್ನು ಕಟ್ಟಿಹಾಕದೆ, ಭಾರವಿಲ್ಲದೆ ಮೆಲ್ಲನೆ ಮಡಿಸಿ ನೀಡುತ್ತಿರುವುದು ಹಿತಕರ. ಬಿಸಿನೀರಿನ ಶಾಖದಿಂದಲೂ ಆರಾಮವೆನಿಸುತ್ತದೆ. ಎಣ್ಣೆ ಹಚ್ಚಿ ಬಲವಾಗಿ ಹಿಂಡಿಸಿಕೊಂಡರೆ ನೋವು ಹೆಚ್ಚುವುದೇ ಸರಿ (ನಾವು ಅದನ್ನೂ ಮಾಡಿ ನೋಡಿದೆವು). ಒಮ್ಮೆ ನೊಂದ ಸ್ನಾಯುವು ಕೆಲವು ವಾರಗಳವರೆಗೆ ಅದೇ ಕೆಲಸವನ್ನು ಅಷ್ಟಾಗಿ ನೋಯದೆ ತಾಳಿಕೊಳ್ಳುತ್ತದೆ. ಆದುದರಿಂದ ಹೊಸ ಕೆಲಸವನ್ನು ಮೊದಲ ದಿನ ಸ್ವಲ್ಪವೇ ಮಾಡಿ ನಿಲ್ಲಿಸುವುದು ಜಾಣತನ.

ಆದರೆ ತೋಳಿನ ಎಲ್ಲ ನೋವೂ ಇದಲ್ಲ. ಭಾರ ಹಿಡಿದಾಗ ‘ಪಟ್’ ಎಂದು ಏನೋ ಹರಿದಂತಾಗಿ ತೋಳಿನಲ್ಲಿ ಗಂಟು ಕಾಣಿಸಿಕೊಂಡರೆ, ಕೈ ಜೋಮುಹಿಡಿದು ಬಲಗುಂದಿದರೆ ಅಥವಾ ಅತಿಶ್ರಮದ ಬಳಿಕ ಮೂತ್ರವು ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ದುಡಿಮೆಯ ಕಾರಣವಿಲ್ಲದೆ ತೋಳು ನೋಯುತ್ತ, ಜೊತೆಗೆ ಎದೆ ಬಿಗಿದು ಬೆವರು ಇಳಿದರೆ ಅದು ಹೃದಯದ ಕರೆಯಿರಬಹುದು. ಆಗ ಶಾಖ ಕೊಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.