ಇಂಗಾಲದ ಖಾತೆಯೂ ನಮ್ಮ ತೋಟದ ಚೀಟಿಯೂ



ಕಳೆದ ಮಳೆಗಾಲದಲ್ಲಿ ಗೋಕಾಕಕ್ಕೆ ಹೋಗಿದ್ದೆನು. ನನ್ನ ಹಿರಿಯಕ್ಕನನ್ನು ಆ ಊರಿಗೆ ಕೊಟ್ಟಿದೆ. ಅಲ್ಲಿಗೆ ಹೋದವರು ಜಲಪಾತ ನೋಡದೆ ಬರುವಂತಿಲ್ಲ, ಕರದಂಟು ತಾರದೆ ಬಂದರೆ ಮನೆಯೊಳಗೆ ಸೇರಿಸುವುದಿಲ್ಲ. ಘಟಪ್ರಭೆಯು ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಆ ಜಾಗದಲ್ಲಿ, ನೀರಿನ ಬಲವನ್ನೇ ನೆಚ್ಚಿಕೊಂಡು 1880ರ ದಶಕದಲ್ಲಿ ನೂಲಿನ ಗಿರಣಿ ಕಟ್ಟಿದರು. ಇದನ್ನೇಕೆ ಹೇಳುತ್ತಿದ್ದೇನೆಂಬುದು ಮುಂದೆ ತಿಳಿಯುತ್ತದೆ.

ಅಕ್ಕನ ಮಗ ಆ ಕಡೆಯ ಒಂದು ಕಾರ್ಖಾನೆಯ ಕಚೇರಿಯಲ್ಲಿದ್ದಾನೆ. ಅವನಿಗೆ ಒಪ್ಪಿಸಿರುವ ಕೆಲಸ ಇಂಗಾಲದ ಲೆಕ್ಕ. ನಾವು ದಿನವಹಿ, ಖಾತೆ ಪುಸ್ತಕ ಬರೆದಂತೆ, ಕಾರ್ಖಾನೆಯಿಂದ ಎಷ್ಟು ಹಸುರುಮನೆ ಅನಿಲ ಗಾಳಿಗೆ ಸೇರಿತೆಂದು ಗಣಕಯಂತ್ರದಲ್ಲಿ ಬರೆಯುತ್ತಾನೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಇಂಥ ವರದಿ ಕೊಡಲೇಬೇಕೆಂದು ಸೆಬಿ ಸಂಸ್ಥೆಯು 2022-23ರಿಂದ ಕಡ್ಡಾಯ ಮಾಡಿದೆ. ಇದಕ್ಕೆಂದೇ ಸಾಫ್ಟ್‌ವೇರುಗಳು ಹುಟ್ಟಿವೆ. ಮೈಕ್ರೋಸಾಫ್ಟ್ ಕಂಪನಿ ತನ್ನದನ್ನು 2022ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಐಬಿಎಂ, ಸ್ಯಾಪ್ ಮೊದಲಾದವುಗಳದೂ ಇವೆ. ಮುಂದೆ ಏನೇನು ಸುಧಾರಣೆ ಬರಲಿದೆ ಎಂಬ ಪಟ್ಟಿಯನ್ನು ಇವರು ಮುಂಗಡವಾಗಿಯೇ ಹೊರಡಿಸುವುದುಂಟು. ದೊಡ್ಡವರ ಈ ಪಟ್ಟಿಗೂ ಎರಡೂವರೆ ಎಕರೆಯವನ ತೋಟಕ್ಕೂ ಏನು ಸಂಬಂಧವೆಂದು ಕೇಳುವಿರಿ. ಅದನ್ನು ತಿಳಿಸಲೆಂದೇ ಈ ಪಾಠ.

ಇಂಗಾಲದ ಖಾತೆಯಲ್ಲಿ ಮೂರು ಮನೆಗಳಿವೆ. ಕಂಪನಿಯು ತಾನೇ ಸುಟ್ಟ ಡೀಸೆಲ್, ಸೌದೆ, ಕಲ್ಲಿದ್ದಲು ಮೊದಲನೆಯ ಮನೆಗೆ ಸೇರುತ್ತದೆ. ಕೊಂಡ ವಿದ್ಯುತ್ತು ಎರಡನೆಯದಕ್ಕೆ. ಬೇರೆಯವರಿಂದ ಕೊಂಡ ಸರಕು, ಅದರ ಸಾಗಾಟ, ಮಾರಿದ ಮೇಲಿನ ಬಳಕೆ, ಇವೆಲ್ಲ ಮೂರನೆಯದಕ್ಕೆ. ಗೋಕಾಕದ ನೀರು ಇಲ್ಲಿ ಒಳ್ಳೆಯ ದೃಷ್ಟಾಂತ. ನಮ್ಮ ದೇಶದ ಸಾಮಾನ್ಯ ತಂತಿಯಿಂದ ಒಂದು ಯೂನಿಟ್ ವಿದ್ಯುತ್ತು ಕೊಂಡರೆ ಎರಡನೆಯ ಮನೆಯಲ್ಲಿ ಸುಮಾರು 0.7 ಕಿಲೋ ಇಂಗಾಲಾಮ್ಲ ಬರೆಯಬೇಕು. ಜಲಪಾತದಿಂದ ತಿರುಗಿಸಿದ ಯಂತ್ರಕ್ಕೆ ಹೊಗೆಯ ಬಾಬು ಬಹುತೇಕ ಸೊನ್ನೆ. ಎರಡು ಕಡೆಯೂ ತಿರುಗುವುದು ಅದೇ ಕದಿರು, ಹೊರಬರುವುದು ಅದೇ ನೂಲು. ಖಾತೆ ಮಾತ್ರ ಬೇರೆ. ಮೂಲ ಯಾವುದೆಂದು ಬರೆದಿಟ್ಟವನಿಗೆ ಮಾತ್ರ ಆ ಸೊನ್ನೆ ದಕ್ಕುತ್ತದೆ.

ಕಾಫಿ ಕೊಳ್ಳುವ ಕಂಪನಿಯ ಖಾತೆಯಲ್ಲಿ ನಾವಿರುವುದು ಮೂರನೆಯ ಮನೆಯಲ್ಲಿ. ಇಲ್ಲಿಯೇ ತೊಡಕು. ನನ್ನ ಸೋದರಳಿಯ ಪರದೆಯ ಮೇಲೆ ಒಂದು ಸಾಲು ತೋರಿಸಿ, "ಮಾಮಾ, ಇದು ಅಳದ ಬರದ ಲೆಕ್ಕ ಅಲ್ರಿ. ರೊಕ್ಕ ನೋಡಿ ಹಾಕಿದ ಅಂದಾಜ ಐತಿ" ಎಂದನು. ಅಂದರೆ ಸರಕಿಗೆ ಇಷ್ಟು ರೂಪಾಯಿ ಕೊಟ್ಟೆವು, ರೂಪಾಯಿಗೆ ಇಷ್ಟು ಹೊಗೆ ಎಂದು ಗುಣಿಸಿಬಿಡುವುದು. ಬೆಳೆಗಾರನ ಕಡೆಯಿಂದ ಅಂಕಿ ಬಾರದಿದ್ದಾಗ ಇದೇ ಸುಲಭದ ದಾರಿ. 2024ರಲ್ಲಿ ರೊಬಸ್ಟಾ ದರ ಹಿಂದೆಂದೂ ಇಲ್ಲದಷ್ಟು ಏರಿದ್ದು ತಮಗೆ ನೆನಪಿದೆ. ರೂಪಾಯಿಯ ಮೇಲೆ ಲೆಕ್ಕ ಹಾಕಿದವನ ಪುಸ್ತಕದಲ್ಲಿ ಆ ವರ್ಷ ನಮ್ಮ ತೋಟದ ಹೊಗೆಯೂ ಅಷ್ಟೇ ಏರಿರುತ್ತದೆ! ನಾವು ಒಂದು ಹಿಡಿ ಗೊಬ್ಬರ ಹೆಚ್ಚಿಗೆ ಹಾಕಿಲ್ಲ, ಒಂದು ಗಿಡ ಹೆಚ್ಚಿಗೆ ನೆಟ್ಟಿಲ್ಲ.

ಆದುದರಿಂದ ಈ ಸಾಫ್ಟ್‌ವೇರುಗಳಲ್ಲಿ ನಡೆದಿರುವ ಸುಧಾರಣೆಗಳ ಪೈಕಿ ನಮಗೆ ಮುಖ್ಯವಾದುದು, ಸರಕು ಒದಗಿಸುವವನಿಂದಲೇ ಅಸಲು ಅಂಕಿಯನ್ನು ತರಿಸಿಕೊಳ್ಳುವ ಏರ್ಪಾಡು. ಬಿಲ್ಲಿನ ಚಿತ್ರವನ್ನು ಯಂತ್ರವೇ ಓದಿಕೊಳ್ಳುವುದು, ಬಣ್ಣ ಬಣ್ಣದ ನಕ್ಷೆಗಳು ಮುಂತಾದವು ಕಚೇರಿಯವರ ಅನುಕೂಲಕ್ಕೆ. ಅವುಗಳ ಗೊಡವೆ ನಮಗೆ ಬೇಡ.

ಅಸಲು ಅಂಕಿ ಎಂದರೇನು? ಒಂದು ಲೆಕ್ಕ ಮಾಡಿ ನೋಡೋಣ. 45 ಕಿಲೋ ಯೂರಿಯಾ ಚೀಲದಲ್ಲಿ ಶೇಕಡಾ 46ರಂತೆ 20.7 ಕಿಲೋ ಸಾರಜನಕವಿದೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಳಿಯ 2006ರ ಕೈಪಿಡಿಯ ಪ್ರಕಾರ ಇದರಲ್ಲಿ ನೂರಕ್ಕೆ ಒಂದು ಪಾಲು ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಆಗಿ ಹಾರಿಹೋಗುತ್ತದೆ. ಅನಿಲದ ತೂಕ ಸುಮಾರು 325 ಗ್ರಾಂ. ಅಷ್ಟೇತಾನೆ ಎನ್ನಬೇಡಿರಿ, ಈ ಅನಿಲ ಇಂಗಾಲಾಮ್ಲಕ್ಕಿಂತ 273 ಪಟ್ಟು ಬಿಸಿ ಹಿಡಿಯತಕ್ಕದ್ದು. ಗುಣಿಸಿದರೆ 89 ಕಿಲೋ. ಯೂರಿಯಾ ಕರಗಿದಾಗ ಅದರೊಳಗಿನ ಇಂಗಾಲವೇ ಹೊರಬಂದು 33 ಕಿಲೋ. ಒಟ್ಟು 122 ಕಿಲೋ, ಅಂದರೆ ಸುಮಾರು 45 ಲೀಟರ್ ಡೀಸೆಲ್ ಸುಟ್ಟಂತೆ. ಗೊಬ್ಬರ ತಯಾರಿಸಿದ ಕಾರ್ಖಾನೆಯ ಹೊಗೆ ಇದರಲ್ಲಿ ಸೇರಿಲ್ಲ. ಮಳೆ ಹೊಡೆಯುವ ಮುನ್ನಾದಿನ ಚೆಲ್ಲಿದ ಗೊಬ್ಬರ ನಮ್ಮ ಕಿಸೆಗೂ ನಷ್ಟ, ಖಾತೆಗೂ ನಷ್ಟ.

ಇದೇ ಮಂಡಳಿ 2019ರಲ್ಲಿ ಕೈಪಿಡಿ ತಿದ್ದಿ, ನಮ್ಮಂಥ ಮಳೆ ಸೀಮೆಗೆ ನೂರಕ್ಕೆ ಒಂದರ ಬದಲು 1.6 ಎಂದಿತು. ಅದೇ ಚೀಲ, ಅದೇ ತೋಟ. ಲೆಕ್ಕ ಮಾತ್ರ 122ರಿಂದ 175 ಕಿಲೋಗೆ ಏರಿತು. ಹೋದ ವರ್ಷ ಹಳೆಯ ಕೋಷ್ಟಕ, ಈ ವರ್ಷ ಹೊಸದು ಬಳಸಿದ ಕಂಪನಿ, "ನಿಮ್ಮ ಊರಿನ ಕಾಫಿ ಕೆಟ್ಟಿತು" ಎಂದರೆ ಒಪ್ಪುವಂತಿಲ್ಲ. ಯಾವ ವರ್ಷದ ಲೆಕ್ಕಕ್ಕೆ ಯಾವ ಕೋಷ್ಟಕ ಹಚ್ಚಿದೆ ಎಂಬುದನ್ನು ಸಾಫ್ಟ್‌ವೇರ್ ಬರೆದಿಡತಕ್ಕದ್ದು, ನಾವು ಕೇಳಿದಾಗ ತೋರಿಸತಕ್ಕದ್ದು. ಸುಧಾರಣೆ ಎಂದರೆ ನನ್ನ ಮಟ್ಟಿಗೆ ಇದು.

ಅಡಿಕೆಯವರು ಇಲ್ಲಿಗೆ ಓದು ನಿಲ್ಲಿಸಬಾರದು. ನಮ್ಮಲ್ಲಿ ಅನೇಕರದು ಬೆರಕೆ ತೋಟ. ಹತ್ತು ಚೀಲ ಗೊಬ್ಬರ ಕೊಂಡು ಆರು ಅಡಿಕೆಗೆ, ನಾಲ್ಕು ಕಾಫಿಗೆ ಹಾಕುತ್ತೇವೆ. ರಸೀತಿಯಲ್ಲಿ ಹತ್ತು ಎಂದಷ್ಟೇ ಇದ್ದರೆ ಹತ್ತನ್ನೂ ಕಾಫಿಯ ತಲೆಗೆ ಕಟ್ಟುತ್ತಾರೆ. ಆದಕಾರಣ ರಸೀತಿಯ ಬೆನ್ನಿಗೆ ಯಾವ ತಾಕಿಗೆ ಎಷ್ಟು ಎಂದು ಪೆನ್ಸಿಲಿನಿಂದಾದರೂ ಬರೆಯಿರಿ. ಪಂಪಿನ ಡೀಸೆಲ್ಲಿಗೂ ಇದೇ ಮಾತು. ಅಡಿಕೆ ಬೇಯಿಸುವ ಒಲೆಯ ಸೌದೆ ತೋಟದ್ದೇ ಆದರೆ ಅದರ ಹೊಗೆಯನ್ನು ಪ್ರತ್ಯೇಕ ಬಾಬಿನಲ್ಲಿ ತೋರಿಸುವುದು ಪದ್ಧತಿ.

ಇನ್ನು ಸ್ಥಳದ ಪ್ರಶ್ನೆ. ಯುರೋಪು ಒಕ್ಕೂಟವು 2023ರಲ್ಲಿ ಮಾಡಿದ ಕಾನೂನಿನಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಅಡಿಕೆ ಆ ಪಟ್ಟಿಯಲ್ಲಿಲ್ಲ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುವುದು, ಅದರಲ್ಲಿಯೂ ಇಟಲಿ ದೊಡ್ಡ ಗಿರಾಕಿ. ಆದುದರಿಂದ ಇದನ್ನು ಉಪೇಕ್ಷಿಸಲಾಗದು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತಾಕಿಗೆ ಸುತ್ತಿನ ಗಡಿ ಗುರುತಿಸಬೇಕು. ಅದಕ್ಕೂ ಚಿಕ್ಕದಕ್ಕೆ ಒಂದು ಬಿಂದು ಸಾಕು. ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದ ಆರು ಸ್ಥಾನದವರೆಗೆ ಬರೆಯಬೇಕು. ಮೂರನೆಯ ಸ್ಥಾನಕ್ಕೇ ನಿಲ್ಲಿಸಿದರೆ ನೂರು ಮೀಟರಿನಷ್ಟು ಹೆಚ್ಚುಕಡಿಮೆಯಾಗಿ ನಿಮ್ಮ ತೋಟ ಪಕ್ಕದ ಮೀಸಲು ಅರಣ್ಯದೊಳಗೆ ಹೋಗಿ ಕೂರಬಹುದು. ಆರನೆಯ ಸ್ಥಾನವೆಂದರೆ ಗೇಣುದ್ದಕ್ಕಿಂತ ಕಡಿಮೆ.

ನಮ್ಮ ಸಂಘದ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಮೊದಲ ಸಲ ಸದಸ್ಯರ ವಿವರ ಬರೆಸಿಕೊಂಡಾಗ ತೋಟಗಳಲ್ಲಿ ಸಿಗ್ನಲ್ ಇರಲಿಲ್ಲ. ಹುಡುಗರು ಎಲ್ಲರನ್ನೂ ಕಚೇರಿಗೆ ಕರೆಸಿ, ಅಂಗಳದಲ್ಲಿ ನಿಂತೇ ಫೋನಿನ ಗುಂಡಿ ಒತ್ತಿಬಿಟ್ಟರು. ಮೂವತ್ತು ಮಂದಿಯ ತೋಟಗಳು ಸಂಘದ ಗೋದಾಮಿನ ಮುಂದೆ ಒಂದರ ಮೇಲೊಂದು ನಿಂತವು! ಪರಿಶೀಲಿಸದೆ ಸಹಿ ಹಾಕಿದವನು ನಾನೇ. ಒಬ್ಬ ಸದಸ್ಯರು ತಮ್ಮ ವಿವರ ನೋಡಿ, "ಏನ್ ಸೆಕ್ರೆಟ್ರಿಗಳೇ, ನಮ್ಮ ಕಾಫಿ ಗಿಡಾನ ನಿಮ್ಮ ತಕ್ಕಡಿ ಹತ್ರ ನೆಟ್ಟಿದ್ದೀರಲ್ಲ" ಎಂದಾಗ ಗೊತ್ತಾಯಿತು. ಸರಕು ಹೋದ ಮೇಲೆ ಖರೀದಿದಾರನ ಯಂತ್ರ ಅದನ್ನು ಹಿಡಿದಿದ್ದರೆ ಮೂವತ್ತು ಮನೆಯ ಚೀಲಗಳು ಬಂದರಿನಲ್ಲಿ ಉಳಿಯುತ್ತಿದ್ದವು. ಮತ್ತೆ ತೋಟ ತೋಟ ತಿರುಗಿ ಸರಿಪಡಿಸಿದೆವು.

ಇನ್ನೊಂದು ಅಂಜಿಕೆ ನೆರಳಿನದು. ಮೇಲಿನಿಂದ ನೋಡುವ ಉಪಗ್ರಹಕ್ಕೆ ನಮ್ಮ ನೆರಳು ಮರಗಳ ಕಾಫಿ ತೋಟವೂ ಕಾಡೂ ಒಂದೇ ಬಗೆ ಕಾಣುವುದುಂಟು. ಹಾಗಿರುವಾಗ ಜೋರಾಗಿ ಮರಗಸಿ ಮಾಡಿದರೆ, ಸಿಲ್ವರ್ ಓಕ್ ಕಡಿದು ಮಾರಿದರೆ, ಅದನ್ನು ಕಾಡು ಕಡಿದರೆಂದು ಯಂತ್ರ ತಿಳಿಯಬಹುದು. ಹಳೆಯ ಪಹಣಿ, ಮರ ಕಡಿಯಲು ಪಡೆದ ಅನುಮತಿ, ಮರಗಸಿಗೆ ಮೊದಲು ಮತ್ತು ನಂತರ ತಾರೀಖಿನೊಡನೆ ತೆಗೆದ ಒಂದೊಂದು ಫೋಟೋ, ಇವು ಕೈಯಲ್ಲಿದ್ದರೆ ಉತ್ತರ ಹೇಳಬಹುದು. ಯಂತ್ರ ಗುರುತಿಸಿದ ಮೇಲೆ ಬೆಳೆಗಾರನ ಉತ್ತರವನ್ನು ದಾಖಲಿಸುವ ಅಂಕಣ ಸಾಫ್ಟ್‌ವೇರಿನಲ್ಲಿ ಇರಬೇಕೆಂದು ನಮ್ಮ ಕಾಫಿ ಕೊಳ್ಳುವವರಿಗೆ ಸಂಘದಿಂದ ಪತ್ರ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.

ಸಾಫ್ಟ್‌ವೇರಿಗೂ ಶಕ್ತಿಯ ಮಿತಿಯುಂಟು. 2025ರ ಸೆಪ್ಟೆಂಬರಿನಲ್ಲಿ ಯುರೋಪಿನ ಆಯೋಗವೇ ತನ್ನ ಗಣಕ ವ್ಯವಸ್ಥೆ ಬರಲಿರುವ ಹೊರೆಯನ್ನು ತಾಳಲಾರದೆಂಬ ಕಾರಣ ಕೊಟ್ಟು ಕಾಲಾವಕಾಶ ಕೇಳಿತು. ಮೊದಲು 2024, ಆಮೇಲೆ 2025 ಎಂದಿದ್ದ ಗಡುವು ಆ ವರ್ಷದ ಡಿಸೆಂಬರಿನ ತಿದ್ದುಪಡಿಯಂತೆ ದೊಡ್ಡ, ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30ಕ್ಕೂ ಸಣ್ಣವರಿಗೆ 2027ರ ಜೂನ್ 30ಕ್ಕೂ ಹೋಯಿತು. ಗಡುವು ಮುಂದೆ ಹೋಯಿತೆಂದು ನಮ್ಮವರು ಹಾಯಾಗಿ ಕುಳಿತಿದ್ದಾರೆ. ಪೋಡಿಯಾಗದ ಜಂಟಿ ಪಹಣಿ, ಅಜ್ಜನ ಹೆಸರಿನಲ್ಲೇ ಉಳಿದ ಖಾತೆ ಇವು ಒಂದು ತಿಂಗಳಲ್ಲಿ ಸರಿಯಾಗುವ ಕೆಲಸವಲ್ಲವೆಂಬುದು ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿದವರಿಗೆ ಗೊತ್ತು.

ಕಾಫಿ ಮಂಡಳಿಯ ಮೊಬೈಲ್ ಆ್ಯಪ್‌ನಲ್ಲಿ ನೋಂದಣಿ ಮಾಡಿಸದ ಸದಸ್ಯರು ಪಹಣಿ, ಆಧಾರ್ ಮತ್ತು ಈ ವರ್ಷದ ಗೊಬ್ಬರದ ರಸೀತಿಗಳೊಂದಿಗೆ ಗುರುವಾರಗಳಂದು ಸಂಘದ ಕಚೇರಿಗೆ ಬರತಕ್ಕದ್ದು. ಬಿಂದು ಗುರುತಿಸುವುದು ಮಾತ್ರ ತಮ್ಮ ತೋಟದಲ್ಲಿಯೇ. ಹುಡುಗರು ತಾವು ಹೇಳಿದ ದಿನ ಅಲ್ಲಿಗೇ ಬರುತ್ತಾರೆ. ಅವರು ಬರೆದ ಅಂಕಿಯನ್ನು ನಕ್ಷೆಯ ಮೇಲೆ ತೋರಿಸಲು ಹೇಳಿ, ತಮ್ಮ ಬಾವಿ, ಕಣ, ಬೇಲಿ ಗುರುತು ಸಿಕ್ಕಿದ ನಂತರವೇ ಸಹಿ ಮಾಡಿರಿ.