ಒಳ್ಳೇ ಚಿಪ್ ಇದ್ರೆ ಸಾಲದು: ಸರ್ವರ್ ಮಾರ್ಕೆಟ್ ಕಲಿಸೋ ಪಾಠ

ನಾವು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಬಂದ ನಾಲ್ಕು ಮಂದಿ, ಹಾಸ್ಟೆಲ್‌ನಲ್ಲಿ ಒಂದೇ ರೂಮು. ಇಬ್ಬರು ಇ.ಸಿ., ಇಬ್ಬರು ಸಿ.ಎಸ್. ಹೋದ ತಿಂಗಳು ಲ್ಯಾಬ್ ಕಂಪ್ಯೂಟರ್‌ನಲ್ಲಿ ಒಂದು ಚಿಕ್ಕ ಸಿ ಪ್ರೋಗ್ರಾಮ್ ಕಂಪೈಲ್ ಮಾಡಿ, ಆ ಫೈಲನ್ನು ರಾಸ್ಪ್‌ಬೆರಿ ಪೈಗೆ ಹಾಕಿ ಓಡಿಸಿದ್ವಿ. ಓಡಲೇ ಇಲ್ಲ. ಎರಡರಲ್ಲೂ ಲಿನಕ್ಸೇ ಇತ್ತು, ಪ್ರೋಗ್ರಾಮ್‌ನಲ್ಲಿ ತಪ್ಪೂ ಇರಲಿಲ್ಲ. ಲ್ಯಾಬ್ ಪ್ರೊಸೆಸರ್‌ಗೆ ಅರ್ಥವಾಗುವ ಭಾಷೆ ಎಕ್ಸ್86, ಪೈಗೆ ಅರ್ಥವಾಗುವುದು ಆರ್ಮ್. ಈ ಭಾಷೆಗೇ ಇನ್‌ಸ್ಟ್ರಕ್ಷನ್ ಸೆಟ್ ಅಂತಾರೆ. ಸರ್ವರ್ ಚಿಪ್ ಕಂಪನಿಗಳ ಪೈಪೋಟಿಯ ಬೇರು ಇಲ್ಲೇ ಇದೆ.

ಇಂಡಿ ಕಡೆ ನಿಂಬೆ ಬೆಳೆಯೋರು ಜಾಸ್ತಿ. ಮಾರ್ಕೆಟ್‌ಗೆ ಹೊಸ ಅಡತಿ ಅಂಗಡಿ ಬಂದು ಚೀಲಕ್ಕೆ ಸ್ವಲ್ಪ ಹೆಚ್ಚು ರೇಟ್ ಹೇಳಿದ್ರೂ ರೈತ ಕೂಡಲೇ ಅಲ್ಲಿಗೆ ಹೋಗಲ್ಲ. ಹಳೇ ಅಂಗಡಿಯಲ್ಲಿ ಅವನ ಮುಂಗಡ ಇರುತ್ತೆ, ವರ್ಷಗಟ್ಟಲೆ ಖಾತೆ ಇರುತ್ತೆ. ಸರ್ವರ್ ಕೊಳ್ಳುವವರಿಗೆ ಆ ಹಳೇ ಖಾತೆ ಅಂದ್ರೆ ಅವರ ಹಳೇ ಸಾಫ್ಟ್‌ವೇರ್.

2001ರಲ್ಲಿ ಇಂಟೆಲ್ ಇಟಾನಿಯಮ್ ಎಂಬ 64 ಬಿಟ್ ಸರ್ವರ್ ಚಿಪ್ ತಂತು. ಅದರ ಇನ್‌ಸ್ಟ್ರಕ್ಷನ್ ಸೆಟ್ಟೇ ಹೊಸದು. ಹಳೇ ಎಕ್ಸ್86 ಪ್ರೋಗ್ರಾಮ್‌ಗಳು ಅದರ ಮೇಲೆ ನಿಧಾನವಾಗಿ ಓಡ್ತಿದ್ವು. 2003ರಲ್ಲಿ ಎಎಂಡಿ ಆಪ್ಟೆರಾನ್ ಬಿಡುಗಡೆ ಮಾಡಿತು. ಎಎಂಡಿ ಎಕ್ಸ್86 ಅನ್ನೇ 64 ಬಿಟ್‌ಗೆ ಹಿಗ್ಗಿಸಿತ್ತು, ಹಾಗಾಗಿ ಹಳೇ ಪ್ರೋಗ್ರಾಮ್ ಬದಲಾಯಿಸದೆ ಓಡಿದವು. 2004ರಲ್ಲಿ ಇಂಟೆಲ್ ಕೂಡ ತನ್ನ ಜೀಯಾನ್‌ನಲ್ಲಿ ಅದೇ ದಾರಿ ಹಿಡಿಯಿತು.

ಈ ಪೈಪೋಟಿಯಲ್ಲಿ ನಮ್ಮ ರಾಜ್ಯವೂ ಇದೆ. 2008ರ ಸೆಪ್ಟೆಂಬರ್‌ನಲ್ಲಿ ಬಂದ ಆರು ಕೋರ್‌ಗಳ ಜೀಯಾನ್ 7400 ಚಿಪ್‌ನ ವಿನ್ಯಾಸ ಮಾಡಿದ್ದು ಇಂಟೆಲ್‌ನ ಬೆಂಗಳೂರು ತಂಡ. ಅದರಲ್ಲಿ 190 ಕೋಟಿ ಟ್ರಾನ್ಸಿಸ್ಟರ್‌ಗಳಿದ್ದವು. ಎಎಂಡಿ 2023ರ ನವೆಂಬರ್‌ನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದಿದ್ದೂ ಬೆಂಗಳೂರಿನಲ್ಲೇ. ನಮ್ಮೂರಲ್ಲಿ ರಾತ್ರಿ ಬಸ್ ಹತ್ತಿದ್ರೆ ಬೆಳಿಗ್ಗೆ ಸಿಗುವ ಊರು ಅದು! ಚಿಪ್ ಕೆಲಸ ಎಲ್ಲೋ ಅಮೆರಿಕದ್ದು ಅಂತ ನಾವು ಇಷ್ಟು ದಿನ ಅಂದ್ಕೊಂಡಿದ್ವಿ.

ಸರ್ವರ್ ಹಗಲು ರಾತ್ರಿ ಓಡುತ್ತೆ. ಕರೆಂಟ್ ಬಿಲ್ಲು, ತಂಪು ಮಾಡುವ ಖರ್ಚು ಎರಡೂ ದೊಡ್ಡವು. ಕಡಿಮೆ ಕರೆಂಟ್ ಸಾಕು ಅನ್ನೋ ಭರವಸೆಯಿಂದ ಆರ್ಮ್ ಕಂಪನಿಗಳು ಒಳಗೆ ಬರಲು ನೋಡಿದವು. ಕ್ಯಾಲ್ಕ್ಸೆಡಾ 2013ರ ಕೊನೆಗೆ ಮುಚ್ಚಿತು. ಕ್ವಾಲ್ಕಾಮ್ 2017ರಲ್ಲಿ 48 ಕೋರ್‌ವರೆಗಿನ ಸೆಂಟ್ರಿಕ್ ತಂದು, ಮುಂದಿನ ವರ್ಷವೇ ಹಿಂದೆ ಸರಿಯಿತು. ದೊಡ್ಡ ಕಂಪನಿ, ಒಳ್ಳೇ ಚಿಪ್ ಎರಡೂ ಇದ್ದವು. ಆದರೆ ತಮ್ಮ ಸಾಫ್ಟ್‌ವೇರ್ ಬದಲಾಯಿಸಿಕೊಂಡು ಬರುವ ಗಿರಾಕಿಗಳು ಸಾಕಷ್ಟು ಸಿಗಲಿಲ್ಲ.

ಬೀಗ ತೆಗೆದದ್ದು ಅಮೆಜಾನ್. 2018ರ ನವೆಂಬರ್‌ನಲ್ಲಿ ಅದು ಗ್ರಾವಿಟಾನ್ ಎಂಬ ಆರ್ಮ್ ಚಿಪ್ಪನ್ನು ತನ್ನದೇ ಕ್ಲೌಡ್‌ಗೆ ಹಾಕಿತು. ಚಿಪ್ ಮಾಡಿಸಿದವರೂ ಅವರೇ, ಮೊದಲ ಗಿರಾಕಿಯೂ ಅವರೇ! ಕ್ಲೌಡ್‌ನಲ್ಲಿ ಓಡುವ ಎಷ್ಟೋ ಸಾಫ್ಟ್‌ವೇರ್‌ಗೆ ಸೋರ್ಸ್ ಕೋಡ್ ಕೈಯಲ್ಲೇ ಇರೋದ್ರಿಂದ ಆರ್ಮ್‌ಗೆ ಮತ್ತೆ ಕಂಪೈಲ್ ಮಾಡಬಹುದಿತ್ತು.

ನಾವೂ ಕೊನೆಗೆ ಅದನ್ನೇ ಮಾಡಿದ್ವಿ. ಸೋರ್ಸ್ ಕೋಡನ್ನು ಪೈಗೆ ಹಾಕಿ ಅಲ್ಲೇ ಕಂಪೈಲ್ ಮಾಡಿದ್ವಿ, ಓಡ್ತು. ಚಿಪ್ ಪಾಠ ಇ.ಸಿ.ಯವರಿಗೆ, ಕೋಡ್ ಸಿ.ಎಸ್.ನವರಿಗೆ ಅಂತ ರೂಮಲ್ಲಿ ನಡೀತಿದ್ದ ಜಗಳ ಅವತ್ತಿಗೆ ನಿಂತಿತು. ಒಬ್ಬರು ಚಿಪ್ ಮಾಡಿದ್ರೂ ಇನ್ನೊಬ್ಬರು ಅದಕ್ಕೆ ಸಾಫ್ಟ್‌ವೇರ್ ಒಗ್ಗಿಸದಿದ್ರೆ ಅದು ಮಾರಾಟ ಆಗಲ್ಲ. ಒಂದು ಪೈ ಸಿಕ್ಕರೆ ನೀವೂ ಇದನ್ನು ಮಾಡಿ ನೋಡಿ. ಬೇರೆ ಬ್ರಾಂಚಿನ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳೋದು ಮರೀಬೇಡಿ.